ಸಾಬೂನೂ ನೀರಿನ ತೊಗಲೂ

ಅಗಲವಾದ ಬಟ್ಟಲಲ್ಲಿ ಶುದ್ಧವಾದ ನೀರನ್ನು ತುಂಬಿ ಅಲುಗದ ಹಾಗೆ ಇಡಿರಿ. ಹೊಲಿಯುವ ಸಣ್ಣ ಸೂಜಿಯೊಂದನ್ನು ತೆಳುವಾದ ಕಾಗದದ ಚೂರಿನ ಮೇಲೆ ಮಲಗಿಸಿ, ಆ ಕಾಗದವನ್ನು ಮೆಲ್ಲಗೆ ನೀರಿನ ಮೇಲೆ ಬಿಡಿರಿ. ಕಾಗದವು ನೆನೆದು ತಳಕ್ಕೆ ಹೋದ ಮೇಲೆಯೂ ಸೂಜಿಯು ತೇಲುತ್ತಲೇ ಇರುವದು. ಕಬ್ಬಿಣವು ನೀರಿಗಿಂತ ಸುಮಾರು 8 ಪಾಲು ಭಾರವುಳ್ಳದ್ದು. ಆದರೂ ಸೂಜಿಯ ಕೆಳಗೆ ನೀರು ತೊಗಲಿನ ಹಾಗೆ ತುಸು ತಗ್ಗಿ ಅದನ್ನು ಹೊತ್ತಿರುವದನ್ನು ಕಾಣುವಿರಿ. ಈಗ ಬೆರಳಿಗೆ ಸ್ವಲ್ಪ ಸಾಬೂನನ್ನು ಸವರಿ ಬಟ್ಟಲಿನ ಅಂಚಿನಲ್ಲಿ ನೀರನ್ನು ಮುಟ್ಟಿರಿ. ಸೂಜಿಯು ತಟ್ಟನೆ ಮುಳುಗುವದು.

ಇದು ಹೇಗಾಯಿತು? ನೀರು ಅತಿ ಸೂಕ್ಷ್ಮವಾದ ಕಣಗಳಿಂದ ಕೂಡಿದ್ದು, ಅವು ಒಂದನ್ನೊಂದು ಎಳೆಯುತ್ತವೆ. ಒಳಗಿನ ಕಣವನ್ನು ಎಲ್ಲಾ ಕಡೆಗಳಿಂದಲೂ ನೆರೆಯ ಕಣಗಳು ಸಮವಾಗಿ ಎಳೆಯುವವು. ಮೇಲ್ಗಡೆಯ ಕಣಕ್ಕಾದರೋ ಮೇಲೆ ನೆರೆಯಿಲ್ಲ. ಆದದರಿಂದ ನೀರಿನ ಮೇಲ್ಮೈಯು ಯಾವಾಗಲೂ ಕುಗ್ಗಿಕೊಳ್ಳಲು ನೋಡುವದು. ಕೆಸುವಿನ ಎಲೆಯ ಮೇಲೆ ಹನಿಯು ಮುತ್ತಿನಂತೆ ಉರುಟಾಗುವದು ಇದರಿಂದಲೇ. ಈ ಬಿಗಿತಕ್ಕೆ ಮೇಲ್ಮೈ ಎಳೆತವೆಂದು ಹೆಸರು.

ಸಾಬೂನಿನ ಕಣಕ್ಕೆ ತಲೆಯೂ ಬಾಲವೂ ಉಂಟೆಂದು ಭಾವಿಸಿರಿ. ತಲೆಗೆ ನೀರು ಬೇಕು. ಬಾಲಕ್ಕೆ ನೀರು ಬೇಡ, ಎಣ್ಣೆ ಬೇಕು. ಹೀಗಿರಲಾಗಿ ಈ ಕಣಗಳು ತಲೆಯನ್ನು ನೀರಿಗಿಟ್ಟು ಬಾಲವನ್ನು ಹೊರಗೆ ಚಾಚಿ ಮೇಲ್ಮೈಯಲ್ಲಿ ಒತ್ತಾಗಿ ನಿಂತುಕೊಳ್ಳುವವು. ನೀರಿನ ಬಿಗಿತವು ಸಡಲುವದು. ಶುದ್ಧ ನೀರಿನ ಬಿಗಿತವನ್ನು 72 ಎಂದಿಟ್ಟರೆ ಸಾಬೂನಿನ ನೀರಿನದು 25ರಿಂದ 30ರಷ್ಟಕ್ಕೆ ಇಳಿಯುವದು. ಗುಳ್ಳೆಗಳನ್ನು ಕಂಡು ಸಾಬೂನು ನೀರಿಗೆ ಬಲವನ್ನು ಕೊಡುತ್ತದೆಂದು ಎಣಿಸುವವರುಂಟು; ನಿಜವು ಅದಕ್ಕೆ ವಿರುದ್ಧವಾಗಿದೆ.

ಇದನ್ನು ಮೊದಲು ಚೆನ್ನಾಗಿ ಅಳೆದವರಲ್ಲಿ ಒಬ್ಬಳು ಅಡಿಗೆಮನೆಯಲ್ಲಿಯೇ ಅಳೆದಳೆಂಬದನ್ನು ನಮ್ಮ ಸಹೋದರಿಯರು ಕೇಳಬೇಕು. ಜರ್ಮನಿಯ ಬ್ರೌನ್‌ಶ್ವೈಗ್ ಪಟ್ಟಣದ ಆಗ್ನೆಸ್ ಪೊಕೆಲ್ಸ್ (1862–1935) ಎಂಬಾಕೆಯ ಕಾಲದಲ್ಲಿ ಅಲ್ಲಿಯ ವಿಶ್ವವಿದ್ಯಾಲಯಗಳ ಬಾಗಲು ಹೆಂಗಸರಿಗೆ ಮುಚ್ಚಿತ್ತು. ಆಕೆ ತಂದೆತಾಯಿಗಳ ಮನೆವಾರ್ತೆಯನ್ನು ನಡಿಸುತ್ತಾ, ತಗಡಿನ ತೊಟ್ಟಿಯೊಂದರಲ್ಲಿ ನೀರಿನ ಮೇಲ್ಮೈಯನ್ನು ಹಿಗ್ಗಿಸಿ ಕುಗ್ಗಿಸಿ, ಸಣ್ಣ ಬಿಲ್ಲೆಯೊಂದನ್ನು ನೀರಿನಿಂದ ಎತ್ತಲು ಎಷ್ಟು ತೂಕ ಬೇಕೆಂದು ಅಳೆದಳು. 1891ರ ಜನವರಿಯಲ್ಲಿ ಇಂಗ್ಲೆಂಡಿನ ಲಾರ್ಡ್ ರೇಲೀ ಎಂಬ ಪಂಡಿತನಿಗೆ ಕಾಗದ ಬರೆದಳು. ಅವನು ಅದನ್ನು ತನ್ನ ಹೆಸರಿನಲ್ಲಿ ಸೇರಿಸಿಕೊಳ್ಳದೆ 'ನೇಚರ್' ಪತ್ರಿಕೆಗೆ ಕಳುಹಿಸಲು, ಅದೇ ಮಾರ್ಚಿಯಲ್ಲಿ ಅಚ್ಚಾಯಿತು.

ಬರೀ ನೀರಿನಿಂದ ಕೈ ತೊಳೆದರೆ ಸಾಲದೋ ಎಂದು ಕೇಳುವವರಿಗೆ ನಮ್ಮ ಉತ್ತರವು ಇದು. ಕೈಯ ಗೆರೆಗಳಲ್ಲಿ ಜಿಡ್ಡು ಇರುತ್ತದೆ. ರೋಗದ ಕ್ರಿಮಿಗಳು ಜಿಡ್ಡಿನೊಂದಿಗೆ ಅಂಟಿರುತ್ತವೆ. ಬಿಗಿದ ನೀರು ಜಿಡ್ಡಿನ ಮೇಲೆ ಹನಿಗಟ್ಟಿ ಜಾರಿಹೋಗುವದು. ಸಾಬೂನಿನ ನೀರೋ ಸಂದುಗಳಿಗೆ ಹರಡುವದು. ಬಾಲಗಳು ಜಿಡ್ಡನ್ನು ಹಿಡಿಯುವವು, ತಲೆಗಳು ಅದನ್ನು ನೀರಿನೊಳಕ್ಕೆ ಒಯ್ಯುವವು. ಇದಕ್ಕೆ ಉಜ್ಜುವಿಕೆಯೂ ಹೊತ್ತೂ ಬೇಕು: 20 ಸೆಕೆಂಡುಗಳಾದರೂ ಉಜ್ಜಿರಿ, ಮುಖ್ಯವಾಗಿ ಬಹಿರ್ದೆಸೆಗೆ ಹೋಗಿ ಬಂದ ಮೇಲೆಯೂ ಕೂಸಿಗೆ ಉಣಿಸುವ ಮುಂಚೆಯೂ.

ಕೆಲವು ಬಾವಿಗಳ ನೀರಿನಲ್ಲಿ ಸಾಬೂನು ನೊರೆಯಾಗದೆ ಬಿಳೀ ಕೆನೆಯಂತೆ ಒಡೆಯುವದು. ಅದು ಸಾಬೂನಿನ ತಪ್ಪಲ್ಲ. ಆ ನೀರಿನಲ್ಲಿರುವ ಸುಣ್ಣದ ಅಂಶವು ಸಾಬೂನನ್ನು ಹಿಡಿದುಕೊಳ್ಳುವದು. ಸುಣ್ಣವು ತೀರುವ ತನಕ ನೀವು ಹಣ ಕೊಟ್ಟು ತಂದದ್ದು ವ್ಯರ್ಥವಾಗುವದು. ಅಂಥ ಊರಿನವರು ಮಳೆನೀರನ್ನು ಹಿಡಿದಿಟ್ಟು ಬಟ್ಟೆ ಒಗೆಯಬಹುದು. ನೀರನ್ನು ಕಾಯಿಸಿದರೂ ಸುಣ್ಣದ ಒಂದು ಪಾಲು ಪಾತ್ರೆಯ ತಳದಲ್ಲಿ ಪೊರೆಗಟ್ಟಿ ಇಳಿಯುವದು. ನಮ್ಮ ಅಜ್ಜಿಯಂದಿರ ಅಂಟುವಾಳಕಾಯಿಯೂ ನೀರಿನ ಬಿಗಿತವನ್ನು ಸಡಲಿಸುತ್ತದೆ, ಸುಣ್ಣದ ನೀರಿನಲ್ಲಿಯೂ ನೊರೆ ಕೊಡುತ್ತದೆ.