ಹೆಬ್ಬೆರಳಿನ ಕಪ್ಪು

ನಮ್ಮ ಮನೆಯಲ್ಲಿ ಹಿತ್ತಾಳೆ ಎಂದರೆ ಹುಣಸೆಹಣ್ಣು. ದೀಪಾವಳಿಗೆ ನಾಲ್ಕು ದಿನ ಮೊದಲೇ ಅವ್ವ ಸಮೆ, ಆರತಿ ತಟ್ಟೆ, ಕೊಡ ಎಲ್ಲವನ್ನೂ ಹಿತ್ತಲಿನ ಕಲ್ಲಿನ ಮೇಲೆ ಹರವಿಕೊಂಡು ಕೂರುತ್ತಿದ್ದಳು. ಬೂದಿ, ಹುಣಸೆ ತಿರುಳು ಎತ್ತಿ ಕೊಡುವುದು ನನ್ನ ಕೆಲಸ. ಕಪ್ಪು ಹೋದರೆ ಶುದ್ಧ, ಉಳಿದರೆ ಕೊಳೆ. ಈ ಲೆಕ್ಕ ತಲೆಗಿಂತ ಮೊದಲು ಕೈಗೆ ಇಳಿದಿತ್ತು. ಹಾಗಾಗಿ ಟಿಬೆಟನ್ ಕಾಲೊನಿಯ ಅಜ್ಜ ತಂದುಕೊಟ್ಟ ಹಳೆಯ ತಂಬಾಕಿನ ಪೈಪಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುವಾಗ ನಾನು ಒಂದು ಕ್ಷಣವೂ ತಡೆದು ಯೋಚಿಸಲಿಲ್ಲ.

ಮುಂಡಗೋಡ ಪೇಟೆಯಲ್ಲಿ ನನ್ನದು ಗಡಿಯಾರ ರಿಪೇರಿ ಅಂಗಡಿ. ಎಚ್‌ಎಂಟಿ ಗಡಿಯಾರಕ್ಕೆ ಕೀಲಿ ಕೊಡುತ್ತಿದ್ದ ಕಾಲದಲ್ಲಿ ಊಟಕ್ಕೆ ಹೋಗಲೂ ಪುರಸೊತ್ತು ಇರುತ್ತಿರಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂದ ಮೇಲೆ ಮೇಜಿನ ಮೇಲೆ ಬೇರೆ ಬೇರೆ ವಸ್ತುಗಳು ಬರತೊಡಗಿದವು. ಶಾಯಿ ಪೆನ್ನು, ಬೆಳ್ಳಿಯ ಸುಣ್ಣದ ಕಾಯಿ, ಹಾರ್ಮೋನಿಯಂ ಪಟ್ಟಿ. ಕಾಲೊನಿಯವರು ನನ್ನ ಹಳೆಯ ಗಿರಾಕಿಗಳು. 1966ರಲ್ಲಿ ಸರ್ಕಾರ ಕೊಟ್ಟ ಸುಮಾರು 4,000 ಎಕರೆ ಕಾಡುನೆಲವನ್ನು ಹಸನು ಮಾಡಿ ಗೋವಿನಜೋಳ, ಭತ್ತ ಬೆಳೆದ ಜನ ಅವರು. ಗಾದೆನ್ ಮತ್ತು ದ್ರೆಪುಂಗ್ ಮಹಾಮಠಗಳೂ ಅಲ್ಲೇ ಮತ್ತೆ ತಲೆ ಎತ್ತಿದವು. ಕಂದು ಕೆಂಪು ನಿಲುವಂಗಿಯ ಲಾಮಾಗಳು ಗಡಿಯಾರ ತಂದು, ಎದುರಿನ ಬೆಂಚಿನ ಮೇಲೆ ಜಪಮಣಿ ಎಣಿಸುತ್ತ ಕೂತು, ರಿಪೇರಿ ಮುಗಿದ ಮೇಲೆಯೇ ಏಳುತ್ತಿದ್ದರು.

ಅಜ್ಜ ಬಂದದ್ದು ಜಿಟಿಜಿಟಿ ಮಳೆಯ ಒಂದು ಮಧ್ಯಾಹ್ನ. ಅಂಗಿಯ ಒಳಗಿನಿಂದ ಬಟ್ಟೆಯ ಗಂಟು ತೆಗೆದರು. ಒಂದು ಗೇಣಿಗಿಂತ ತುಸು ಉದ್ದದ ಕಬ್ಬಿಣದ ಕೊಳವೆ, ಅದರ ಮೈಗೆ ಕೂದಲೆಳೆಯಂಥ ಬೆಳ್ಳಿ ತಂತಿಯ ಬಳ್ಳಿ. ತುದಿಯಲ್ಲಿ ಹಿತ್ತಾಳೆಯ ಬಟ್ಟಲು, ಅಡಿಕೆಯ ಅರ್ಧ ಹೋಳಿನಷ್ಟೇ ಇತ್ತು. ಇನ್ನೊಂದು ತುದಿಗೆ ತುಟಿ ತಾಗುವಲ್ಲಿ ಹಸಿರು ಕಲ್ಲು. ‘ಅಪ್ಪಂದು’ ಎಂದರು. ಅಪ್ಪ ಪೂರ್ವ ಟಿಬೆಟಿನ ಖಾಮ್ ಪ್ರಾಂತದವರಂತೆ. ಸೊಂಟದ ಪಟ್ಟಿಗೆ ಪೈಪು, ಅದರ ಪಕ್ಕಕ್ಕೆ ಬೆಂಕಿ ಕಲ್ಲಿನ ಚೀಲ ಸಿಕ್ಕಿಸಿಕೊಂಡೇ ಬೆಟ್ಟ ದಾಟಿದ್ದರಂತೆ. ಆ ಚೀಲದ ಅಡಿಯಂಚಿಗೆ ಉಕ್ಕಿನ ಪಟ್ಟಿ ಇರುತ್ತದೆ. ಕಲ್ಲಿಗೆ ಬಡಿದರೆ ಕಿಡಿ. ನಮ್ಮ ಚಕಮಕಿಯೇ ಅದು. ಆ ಮಾತು ತುರ್ಕರ ನುಡಿಯಿಂದ ಹೊರಟು ಪಾರಸಿ, ಉರ್ದು ದಾಟಿ ನಮ್ಮ ಹಳ್ಳಿಯ ಒಲೆಯ ಮುಂದೆ ಬಂದು ಕೂತಿದೆ.

ಅಜ್ಜ ಸೇದುವವರಲ್ಲ. ಟಿಬೆಟಿನ ಮಠಗಳು ತಂಬಾಕಿನ ಹೊಗೆಯನ್ನು ಎಂದೂ ಒಪ್ಪಿದ್ದಿಲ್ಲ. ಹದಿಮೂರನೆಯ ದಲೈ ಲಾಮಾ ಅದನ್ನು ನಿಷೇಧಿಸಿಯೂ ಇದ್ದರು. ಮಠದ ಮುಂದಿನ ರಸ್ತೆ ದಾಟಿ ಬರಬೇಕಾದ್ದರಿಂದ ಪೈಪನ್ನು ಅಂಗಿಯೊಳಗೆ ಮರೆಮಾಡಿ ತಂದಿದ್ದರು. ಅವರು ಕೇಳಿದ್ದು ಇಷ್ಟೇ: ‘ಗಾಳಿ ಹೋಗಲ್ಲ. ಗಾಳಿ ಹೋಗಬೇಕು.’

ಆ ಮಾತನ್ನು ನಾನು ಕಿವಿಯಿಂದ ಕೇಳಿದೆ, ಕೈಯಿಂದ ಕೇಳಲಿಲ್ಲ.

ಕೊಳವೆಯೊಳಗೆ ಡಾಂಬರಿನಂತೆ ಗಟ್ಟಿಯಾದ ಕಿಟ್ಟ. ಸ್ಪಿರಿಟ್ ತುಂಬಿಸಿ, ಬಾಯಿಗೆ ಹತ್ತಿ ತುರುಕಿ, ರಾತ್ರಿಯಿಡೀ ನಿಲ್ಲಿಸಿಟ್ಟೆ. ಬೆಳಿಗ್ಗೆ ಸೈಕಲ್ ಬ್ರೇಕಿನ ತಂತಿಯ ಒಂದು ಎಳೆ ಹಾಕಿ ಸ್ವಲ್ಪ, ಸಂಜೆ ಇನ್ನೂ ಸ್ವಲ್ಪ ಕೆರೆದೆ. ಬಲ ಹಾಕಿದರೆ ಕಿಟ್ಟ ಇನ್ನಷ್ಟು ಬಿಗಿಯುತ್ತದೆ, ನೆನೆದಷ್ಟನ್ನೇ ತೆಗೆಯಬೇಕು. ಮೂರನೆಯ ದಿನ ದಾರಿ ಬಿಟ್ಟಿತು. ಅದೇ ಹೊತ್ತಿಗೆ ಹಸಿರು ಕಲ್ಲೂ ಕಳಚಿ ಅಂಗೈಗೆ ಬಂತು! ಜೀವ ಹೋದ ಹಾಗಾಯಿತು. ನೋಡಿದರೆ ಕಲ್ಲನ್ನು ಅರಗು ಹಾಕಿ ಕೂರಿಸಿದ್ದರು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಭಯ ಇಳಿದ ಮೇಲೆ ಆ ಅರಗು ಹಾಕಿದವನ ಮೇಲೆ ಗೌರವ ಹುಟ್ಟಿತು. ಬಿಚ್ಚಬೇಕಾದಾಗ ಬಿಚ್ಚಲು ಬರುವ ಅಂಟನ್ನೇ ಆತ ಆರಿಸಿದ್ದ. ಅಂದಿನಿಂದ ನಾನು ಇಂಥ ಕೆಲಸಕ್ಕೆ ಅರಗನ್ನೇ ಬಳಸುತ್ತೇನೆ. ಟ್ಯೂಬಿನ ಅಂಟು ಹಾಕಿದರೆ ಮುಂದೆ ರಿಪೇರಿಗೆ ಕೂರುವವನು ಕಲ್ಲನ್ನೇ ಒಡೆಯಬೇಕಾಗುತ್ತದೆ.

ಅಲ್ಲಿಗೆ ನಿಲ್ಲಿಸಿದ್ದರೆ ಸಾಕಿತ್ತು. ಬಟ್ಟಲು ಕಪ್ಪಗಿತ್ತು. ಕಬ್ಬಿಣದ ಮೈ ಕಂದಾಗಿತ್ತು. ಹುಣಸೆಹಣ್ಣು ತಂದೆ. ಹತ್ತು ನಿಮಿಷದಲ್ಲಿ ಬಟ್ಟಲು ಗುಡಿಯ ಗಂಟೆಯ ಹಾಗೆ ಹೊಳೆಯಿತು. ಹುಳಿ ಕಬ್ಬಿಣಕ್ಕೂ ಹರಿದು ಅದರ ಕಂದು ಬಣ್ಣವನ್ನು ತಿಂದುಹಾಕಿತು. ಬಿಳಚಿದ ಕಬ್ಬಿಣದ ಮೇಲೆ ಬೆಳ್ಳಿಯ ಬಳ್ಳಿ ಕಾಣುವುದೇ ಕಷ್ಟವಾಯಿತು. ನನಗದು ಆಗ ತಪ್ಪೆಂದು ತೋರಲೂ ಇಲ್ಲ. ಒರೆಸಿ ಹೊಸ ಬಟ್ಟೆಯಲ್ಲಿ ಸುತ್ತಿಟ್ಟೆ.

ಅಜ್ಜ ಬಂದು ಬಿಚ್ಚಿದರು. ಊದಿ ನೋಡಿದರು, ಗಾಳಿ ಸರಾಗ ಹೋಯಿತು. ತಲೆ ಆಡಿಸಿದರು. ಆಮೇಲೆ ಅವರ ಹೆಬ್ಬೆರಳು ಬಟ್ಟಲಿನ ಕೆಳಗೆ ಏನನ್ನೋ ಹುಡುಕಿತು, ಅತ್ತಿತ್ತ ಸರಿಯಿತು, ಸಿಗದೆ ನಿಂತಿತು. ‘ಇಲ್ಲಿ ಅಪ್ಪನ ಬೆರಳು ಇತ್ತು’ ಎಂದರು. ಸಿಟ್ಟಿನ ದನಿಯಲ್ಲ. ಕೊಳವೆ ಹಿಡಿಯುವಾಗ ಹೆಬ್ಬೆರಳು ಒತ್ತುವ ಜಾಗದಲ್ಲಿ ವರ್ಷಗಟ್ಟಲೆ ಕೂತಿದ್ದ ಕಪ್ಪು ಅದು. ಅಷ್ಟು ಹಾದಿ ಸವೆದು, ಹಿಮಾಚಲದಲ್ಲಿ ರಸ್ತೆ ಕಡಿಯುವ ಕೂಲಿಯವರ ಡೇರೆಯಲ್ಲಿ ಉಳಿದು, ಮುಂಡಗೋಡದ ಮಳೆ ತಿಂದು ಬಂದದ್ದನ್ನು ನಾನು ಹತ್ತು ನಿಮಿಷದಲ್ಲಿ ತೊಳೆದಿದ್ದೆ. ದುಡ್ಡು ಬೇಡ ಎಂದೆ. ಅವರು ಮೇಜಿನ ಮೇಲಿಟ್ಟು ಹೋದರು.

ಆ ವರ್ಷದ ಚಳಿಗಾಲದಲ್ಲಿ ಹುಬ್ಬಳ್ಳಿಯ ಕರಕುಶಲ ಪ್ರದರ್ಶನವೊಂದರಲ್ಲಿ ಬೀದರಿನ ಬಿದರಿ ಕೆಲಸಗಾರರೊಬ್ಬರ ಮಳಿಗೆಯ ಮುಂದೆ ತುಂಬ ಹೊತ್ತು ನಿಂತೆ. ಬಿದರಿಯ ಮೂಲ ಲೋಹ ಸತು, ಅದಕ್ಕೆ ತುಸು ತಾಮ್ರ. ಎರಕ ಹೊಯ್ದು, ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುವ ತನಕ ಅದು ಬೂದು ಬಣ್ಣದ ಸಪ್ಪೆ ಪಾತ್ರೆ. ಕೊನೆಗೆ ಬೀದರ ಕೋಟೆಯ ಹಳೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಕಾಯಿಸಿದಾಗ ಸತು ಇದ್ದಿಲಿನಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಆ ಕಪ್ಪು ಬಂದಾಗಲೇ ಬೆಳ್ಳಿ ಕಣ್ಣಿಗೆ ಬೀಳುವುದು. ಹುಳಿ ಹಾಕಿ ತೊಳೆಯಬೇಡಿ ಎಂದು ಅವರು ಪ್ರತಿ ಗಿರಾಕಿಗೂ ಹೇಳುತ್ತಿದ್ದರು. ನನಗೂ ಹೇಳಿದರು. ನನ್ನ ಕಿವಿ ಬಿಸಿಯಾಯಿತು.

ಆ ಮಳಿಗೆಯಲ್ಲಿ ಹುಕ್ಕಾದ ಒಂದು ಬುಡವೂ ಇತ್ತು. ದಖನಿ ನೆಲಕ್ಕೂ ತಂಬಾಕಿನ ಕೊಳವೆಗೂ ಇರುವ ನಂಟು ಹಳೆಯದು. ಎರಡನೇ ಇಬ್ರಾಹಿಂ ಆದಿಲ್ ಶಾಹನ ವಿಜಯಪುರಕ್ಕೆ ಬಂದಿದ್ದ ಮೊಗಲ್ ರಾಯಭಾರಿ ಅಸದ್ ಬೇಗ್ ತಂಬಾಕನ್ನು ಮೊದಲು ಕಂಡದ್ದು ಇಲ್ಲೇ. ಮರಳುವಾಗ ಅಕ್ಬರನಿಗೆ ಒಂದಿಷ್ಟು ಕೊಂಡೊಯ್ದ. ಅದರ ಜೊತೆಗಿದ್ದ ಮೂರು ಮೊಳದ ಕೊಳವೆಗೆ ಎರಡೂ ತುದಿಯಲ್ಲಿ ರತ್ನ, ಬಣ್ಣದ ಕೆಲಸ. ತುಟಿಗೆ ಯೆಮನಿನ ಕೆಂಪು ಕಲ್ಲು. ಅದು 1600 ದಾಟಿ ನಾಲ್ಕೈದು ವರ್ಷವಷ್ಟೇ ಆಗಿದ್ದ ಕಾಲ. ಅಲ್ಲಿಯೂ ತುಟಿಗೆ ಕಲ್ಲು ಎಂದು ಓದಿದಾಗ ಅಜ್ಜನ ಹಸಿರು ಕಲ್ಲು ನೆನಪಾಯಿತು. ಬಿಸಿ ಹೊಗೆ ಎಳೆದರೂ ತುಟಿಗೆ ತಣ್ಣಗಿರಲಿ ಎಂಬುದು ಎಲ್ಲ ಕಡೆಯವರ ಆಸೆ ಇರಬೇಕು.

ಮುಂದೆ ಬಂದದ್ದು ಮರದ ಪೈಪು, ದಾಂಡೇಲಿಯಿಂದ. ಟಿಂಬರ್ ಡಿಪೋದಲ್ಲಿ ಕೆಲಸ ಮಾಡಿದ್ದ ಹಿರಿಯರೊಬ್ಬರದು. ಅವರ ಮೊಮ್ಮಗ ತಂದಿದ್ದ. ಈ ಪೈಪುಗಳ ಮರ ತೇಗವಲ್ಲ, ಬೀಟೆಯಲ್ಲ. ಮೆಡಿಟರೇನಿಯನ್ ತೀರದ ಬ್ರಯರ್ ಎಂಬ ಪೊದೆಯ ಬುಡದ ಗಂಟು. ಬೆಂಕಿಗೆ ಸುಲಭಕ್ಕೆ ಮಣಿಯದು. ಈ ಸಲ ತಿಂಗಳುಗಟ್ಟಲೆ ಓದಿ, ಕೇಳಿ ಕೈ ಹಚ್ಚಿದೆ. ಬಟ್ಟಲಿನೊಳಗೆ ಕರಿ ಪದರ ಕಟ್ಟಿರುತ್ತದೆ. ದಪ್ಪವಾದರೆ ಬಿಸಿಗೆ ಹಿಗ್ಗಿ ಮರವನ್ನು ಸೀಳುತ್ತದೆ. ಪೂರ್ತಿ ಕೆರೆದರೆ ಬರಿ ಮರಕ್ಕೆ ಬೆಂಕಿ ತಾಗುತ್ತದೆ. ನಾಣ್ಯದ ದಪ್ಪದಷ್ಟು ಉಳಿಸಬೇಕು. ಕೊಳೆ ಎಂದು ಕಂಡದ್ದರಲ್ಲಿ ಒಂದು ಪಾಲು ಮರದ ಕವಚ! ಬಿದರಿಯವರ ಮಾತು ಮತ್ತೊಂದು ಬಾಗಿಲಿನಿಂದ ಒಳಗೆ ಬಂದ ಹಾಗಿತ್ತು.

ವಾಸನೆಗೆ ಉಪ್ಪು ಮತ್ತು ಸ್ಪಿರಿಟ್. ಬಟ್ಟಲಿಗೆ ಹರಳುಪ್ಪು ತುಂಬಿ, ಮೆಲ್ಲಗೆ ಸ್ಪಿರಿಟ್ ಬಿಟ್ಟು ಒಂದು ದಿನ ಇಟ್ಟರೆ ಉಪ್ಪು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಬಾಯಿಗಿಡುವ ಕೊಳವೆ ಎಬೊನೈಟ್, ಅಂದರೆ ಗಂಧಕ ಬೆರೆಸಿ ಗಟ್ಟಿ ಮಾಡಿದ ರಬ್ಬರು. ರಾಜಮಹೇಂದ್ರಿಯ ರತ್ನಂ ಪೆನ್ನು ಕಂಡವರಿಗೆ ಆ ವಸ್ತು ಗೊತ್ತು. ಬಿಸಿಲು ಬಿದ್ದಲ್ಲಿ ಅದು ಪಾಚಿ ಹಸಿರಿಗೆ ತಿರುಗುತ್ತದೆ. ನೀರು ಹಾಕಿ ನಯವಾದ ಮರಳು ಕಾಗದದಿಂದ ಉಜ್ಜುವಾಗ ಗಂಧಕದ ನಾತ ಅಂಗಡಿ ತುಂಬುತ್ತದೆ. ಹಲ್ಲಿನ ಗುರುತುಗಳನ್ನು ದೀಪದ ಬಿಸಿಗೆ ದೂರದಿಂದ ತೋರಿಸಿದರೆ ಅವು ತಾವಾಗಿ ಮೇಲೇಳುತ್ತವೆ. ಗಟ್ಟಿಯಾದಾಗಿನ ಆಕಾರ ಎಬೊನೈಟಿಗೆ ನೆನಪಿರುತ್ತದೆ. ಆದರೆ ಗುರುತು ತೆಗೆಯುವ ಮೊದಲು ಈಗ ನಾನು ಕೇಳುತ್ತೇನೆ. ಆ ಮೊಮ್ಮಗ ‘ಹಲ್ಲಿನ ಗುರುತು ಇರಲಿ’ ಎಂದ. ಹಸಿರನ್ನಷ್ಟೇ ತೆಗೆದೆ.

ಮೇಣದಲ್ಲೂ ಒಂದು ಏಟು ತಿಂದೆ. ಶಿರಸಿ ಕಡೆಯ ಒಳ್ಳೆಯ ಜೇನುಮೇಣ ಇತ್ತು, ಅದನ್ನೇ ಹಚ್ಚಿದೆ. ಬೇಸಿಗೆಗೆ ಪೈಪು ಅಂಟಂಟಾಗಿ ದೂಳು ಹಿಡಿಯಿತು. ಜೇನುಮೇಣ 62-64 ಡಿಗ್ರಿಗೇ ಕರಗುತ್ತದೆ. ಕೈ ಬಿಸಿಗೂ ಮೆತ್ತಗಾಗುತ್ತದೆ. ಬ್ರೆಜಿಲಿನ ತಾಳೆ ಎಲೆಯ ಕಾರ್ನೌಬಾ ಮೇಣಕ್ಕೆ 80 ದಾಟಬೇಕು. ಕಾರಿಗೆ ಹಚ್ಚುವ ಮೇಣದಲ್ಲಿ ಇರುವುದೂ ಅದೇ. ಜೇನುಮೇಣ ಒರೆಸಿ ತೆಗೆದು ಅದನ್ನು ಹಚ್ಚಿದ ಮೇಲೆ ಮರದ ಎಳೆಗಳು ನೀರಿನೊಳಗಿನ ಬೆಳ್ಳಿಮೀನಿನಂತೆ ಹೊಳೆದವು.

ಅದೇ ಪೈಪಿನಲ್ಲಿ ಇನ್ನೊಂದು ತಪ್ಪು ಮಾಡಿದೆ, ಅದು ಬಾಯಿಯಿಂದ ಆದದ್ದು. ತನ್ನ ಅಜ್ಜನಿಗೆ ಬ್ರಿಟಿಷ್ ಫಾರೆಸ್ಟ್ ಸಾಹೇಬ ಸ್ವಾತಂತ್ರ್ಯಕ್ಕೆ ಮೊದಲು ಕೊಟ್ಟದ್ದು ಎಂದು ಮೊಮ್ಮಗ ಹೆಮ್ಮೆಯಿಂದ ಹೇಳಿದ್ದ. ನಾನು ಗಡಿಯಾರದ ಕನ್ನಡಿ ಕಣ್ಣಿಗಿಟ್ಟು ಮುದ್ರೆ ಓದಿದೆ. ಡಬ್ಲಿನ್ನಿನ ಪೀಟರ್ಸನ್ ಪೈಪು. ಕೆಳಗೆ ಸಣ್ಣ ಅಕ್ಷರದಲ್ಲಿ ರಿಪಬ್ಲಿಕ್ ಆಫ್ ಐರ್ಲೆಂಡ್ ಎಂದಿತ್ತು. ಐರ್ಲೆಂಡ್ ಗಣರಾಜ್ಯವಾದದ್ದು 1949ರಲ್ಲಿ. ತಿಳಿದದ್ದನ್ನು ಹೇಳುವ ಹುಮ್ಮಸ್ಸಿನಲ್ಲಿ ಅಂಗಡಿಯಲ್ಲಿ ಇನ್ನಿಬ್ಬರು ಇರುವಾಗಲೇ ಹೇಳಿಬಿಟ್ಟೆ. ಹುಡುಗನ ಮುಖ ಇಳಿಯಿತು. ಹೇಳಬೇಕಾದ ಮಾತೇ, ಆದರೆ ಹಾಗಲ್ಲ. ಈಗ ಮುದ್ರೆಯ ಜಾಗಕ್ಕೆ ಮರಳು ಕಾಗದ ತಾಗದಂತೆ ಪಟ್ಟಿ ಅಂಟಿಸುತ್ತೇನೆ, ಅದು ಪೈಪಿನ ಜಾತಕ. ಆದರೆ ಕೇಳಿದವರಿಗೆ ಮಾತ್ರ, ಅವರೊಬ್ಬರೇ ಇದ್ದಾಗ ಓದಿ ಹೇಳುತ್ತೇನೆ.

ಯಲ್ಲಾಪುರದ ದಾರಿಯಲ್ಲಿ ಎಮ್ಮೆ ಮೇಯಿಸುವ ಗೌಳಿ ಹಿರಿಯನೊಬ್ಬ ನನ್ನ ಈ ಸಾಮಾನುಗಳನ್ನೆಲ್ಲ ಒಮ್ಮೆ ನೋಡಿ, ತನ್ನ ಮಣ್ಣಿನ ಚಿಲುಮೆಯನ್ನು ಒಲೆಯ ಕೆಂಡದಲ್ಲಿ ಹೂತ. ಕಿಟ್ಟವೆಲ್ಲ ಉರಿದುಹೋಯಿತು. ಬೂದಿ ಕೊಡವಿ, ಒಳಗಿನ ಬೆಣಚು ಕಲ್ಲನ್ನು ಮತ್ತೆ ಹಾಕಿಕೊಂಡ. ಮಣ್ಣಿಗೆ ಬೆಂಕಿ ಸಾಕು. ಕಬ್ಬಿಣ, ಮರಗಳಿಗೆ ಅದೇ ಬೆಂಕಿ ತೋರಿಸಿದರೆ ಕತೆ ಮುಗಿಯುತ್ತದೆ. ಪ್ರತಿ ವಸ್ತುವಿಗೂ ಅದರದೇ ಸ್ನಾನ.

ಎರಡು ಮಳೆಗಾಲ ಕಳೆದ ಮೇಲೆ, ಲೋಸಾರ್ ಹಬ್ಬದ ಮುಂಚಿನ ವಾರ, ಕಾಲೊನಿಯ ಅಜ್ಜನ ಮೊಮ್ಮಗಳು ಬಂದಳು. ಚಳಿಗಾಲದ ಸ್ವೆಟರ್ ವ್ಯಾಪಾರ ಮುಗಿಸಿ ಊರಿಗೆ ಮರಳಿದ್ದಳು. ಹಸಿರು ಕಲ್ಲು ಮತ್ತೆ ಸಡಿಲವಾಗಿದೆಯಂತೆ. ಅಜ್ಜನಿಗೆ ಈಗ ಪೇಟೆಗೆ ಬರಲು ಕಾಲು ಬಾರದು. ಸಂಜೆ ಹೊತ್ತು ಜಪಮಣಿ ಬಲಗೈಯಲ್ಲಿ, ಪೈಪು ಎಡಗೈಯಲ್ಲಿ ಹಿಡಿದು ಜಗುಲಿಯಲ್ಲಿ ಕೂರುತ್ತಾರೆ ಎಂದಳು.

ಬಟ್ಟೆ ಬಿಚ್ಚಿದೆ. ಕಬ್ಬಿಣ ಮತ್ತೆ ತುಸು ಕಂದಿತ್ತು. ಬೆಳ್ಳಿಯ ಬಳ್ಳಿ ಅಲ್ಲಲ್ಲಿ ಕಾಣುತ್ತಿತ್ತು. ಬಟ್ಟಲಿನ ಕೆಳಗೆ, ಹೆಬ್ಬೆರಳು ಒತ್ತುವ ಕಡೆ, ಹೊಸದಾಗಿ ಒಂದು ಮಸುಕು ಕೂರತೊಡಗಿತ್ತು. ಅಪ್ಪನದಲ್ಲ, ಈ ಸಲ ಮಗನದು. ಅರಗು ಕಾಯಿಸಿ ಕಲ್ಲು ಕೂರಿಸಿದೆ. ಹೊರಗೆ ಉಕ್ಕಿದ ಅರಗನ್ನು ಉಗುರಿನಿಂದ ಬಿಡಿಸಿದೆ. ಅಭ್ಯಾಸಕ್ಕೆ ಒರೆಸುವ ಬಟ್ಟೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಬಟ್ಟಲನ್ನು ಮುಟ್ಟದೆ ಕೊಳವೆ ಹಿಡಿದು ಅವಳಿಗೆ ಕೊಟ್ಟೆ.