ದಾರಿ ತಪ್ಪಿದ ಕೋಳಿಮರಿ: ಮೊದಲು ಬಿಸಿ, ಆಮೇಲೆ ಬಳಗ



ನಮ್ಮ ಜತ್ತ ತಾಲೂಕಿನ ಅನೇಕ ಮನೆಗಳಲ್ಲಿ ಕೋಳಿ ಸಾಕುತ್ತಾರೆ. ಉಮದಿ ಇರಲಿ, ಸಂಖ ಇರಲಿ, ಊರ ಹೊರಗಿನ ತೋಟದ ವಸ್ತಿ ಇರಲಿ, ಹಿತ್ತಲದಾಗ ನಾಲ್ಕು ಕೋಳಿ, ಒಂದು ಹುಂಜ ಕಾಳು ಕೆದರುತ್ತಿರುವುದನ್ನು ನೀವು ದಿನಾ ನೋಡಿರುತ್ತೀರಿ. ಮಳೆ ಕೈಕೊಟ್ಟ ವರ್ಷ ತತ್ತಿ ಮಾರಿದ ರೊಕ್ಕ ಸಂತೆಯ ಖರ್ಚಿಗೆ ಆಗುವುದೂ ಉಂಟು.

ಈಗ ಹೀಗೆ ಅಂದುಕೊಳ್ಳಿ. ನೀವು ಶಾಲೆಯಿಂದ ಮನೆಗೆ ಹೊರಟಿದ್ದೀರಿ. ಬೇಲಿ ಸಂದಿಯಿಂದ "ಚೀಂವ್ ಚೀಂವ್" ಅಂತ ಜೋರಾದ ದನಿ. ಬಗ್ಗಿ ನೋಡಿದರೆ ಅಂಗೈ ಅಗಲದ ಒಂದು ಕೋಳಿಮರಿ. ಸುತ್ತ ತಾಯಿ ಇಲ್ಲ, ಒಡಹುಟ್ಟಿದ ಮರಿಗಳೂ ಇಲ್ಲ. ಏನು ಮಾಡುತ್ತೀರಿ? ಈ ಪಾಠ ಅದಕ್ಕಾಗಿಯೇ ಇದೆ.

ಮೊದಲು ತಾಯಿಯನ್ನು ಹುಡುಕಿ

ಮರಿಯನ್ನು ಕೂಡಲೇ ಎತ್ತಿಕೊಂಡು ಮನೆಗೆ ಓಡಬೇಡಿ. ಆ ಜೋರಾದ ಚೀಂವ್ ಚೀಂವ್ ತಾಯಿಯನ್ನು ಕರೆಯುವ ಕೂಗು. ಹದ್ದು, ನಾಯಿ, ಮುಂಗುಸಿ ಬಂದಾಗ ಮರಿಗಳು ದಿಕ್ಕಾಪಾಲಾಗಿ ಓಡಿ ಬೇಲಿ, ಕಲ್ಲು, ಕಸದ ಸಂದಿಯಲ್ಲಿ ಅಡಗುತ್ತವೆ. ಭಯ ಹೋದ ಮೇಲೆ ತಾಯಿ "ಕ್ಲಕ್ ಕ್ಲಕ್" ಅನ್ನುತ್ತ ಅವನ್ನು ಒಟ್ಟು ಮಾಡುತ್ತದೆ. ನೀವು ಹತ್ತು ಹೆಜ್ಜೆ ಹಿಂದೆ ಸರಿದು ಸ್ವಲ್ಪ ಹೊತ್ತು ಸುಮ್ಮನೆ ನಿಲ್ಲಿ. ನಾಯಿ, ಬೆಕ್ಕು, ಕಾಗೆ ಹತ್ತಿರ ಬರದಂತೆ ಕಾಯಿರಿ. ಅಕ್ಕಪಕ್ಕದ ಮನೆಯಲ್ಲಿ "ನಿಮ್ಮ ಕೋಳಿ ಮರಿ ಹಾಕೇತೇನ್ರಿ?" ಅಂತ ಕೇಳಿ. ಎಷ್ಟೋ ಸಲ ಕೆಲಸ ಇಲ್ಲಿಗೇ ಮುಗಿಯುತ್ತದೆ. ಸಿಕ್ಕ ಮರಿಗೆ ಒಡೆಯರು ಇರುತ್ತಾರೆ ಅನ್ನುವುದನ್ನು ಮರೆಯಬೇಡಿ.

ಆದರೆ ಮರಿ ನಡುಗುತ್ತಿದ್ದರೆ, ಮೈ ತೊಯ್ದಿದ್ದರೆ, ಕೂಗು ಸಣ್ಣಗಾಗಿದ್ದರೆ ಕಾಯುತ್ತ ನಿಲ್ಲಬಾರದು. ಒಣ ಬಟ್ಟೆಯಲ್ಲಿ ಹಿಡಿದು, ಮೂಗಿಗೆ ಗಾಳಿ ಆಡುವಂತೆ ಇಟ್ಟುಕೊಂಡು ಮನೆಗೆ ತನ್ನಿ.

ಬಿಸಿ ಯಾಕೆ ಮೊದಲು?

ಬಹಳ ಮಂದಿ ಮೊದಲು ಕಾಳು ಹಾಕುತ್ತಾರೆ. ಆದರೆ ತಣ್ಣಗಾದ ಮರಿ ಕಾಳು ತಿನ್ನುವುದಿಲ್ಲ. ತಿಂದರೂ ಅರಗುವುದಿಲ್ಲ. ಆಗ ತಾನೇ ತತ್ತಿ ಒಡೆದು ಬಂದ ಮರಿಯ ಹೊಟ್ಟೆಯೊಳಗೆ ತತ್ತಿಯ ಹಳದಿ ಭಾಗ ಸ್ವಲ್ಪ ಉಳಿದಿರುತ್ತದೆ. ಅದರ ಆಸರೆಯಲ್ಲಿ ಮರಿ ಎರಡು-ಮೂರು ದಿನ ಆಹಾರವಿಲ್ಲದೆ ಬದುಕಬಲ್ಲದು. ಚಳಿಯಲ್ಲಿ ಮಾತ್ರ ಕೆಲವೇ ಗಂಟೆಗಳಲ್ಲಿ ಸಾಯಬಹುದು.

ಕಾರಣ ಗಣಿತದಲ್ಲಿದೆ. 1 ಸೆಂ.ಮೀ. ಘನದ ಘನಫಲ 1, ಮೇಲ್ಮೈ 6. ಅಂದರೆ 1 ಘನ ಸೆಂ.ಮೀ.ಗೆ 6 ಚದರ ಸೆಂ.ಮೀ. ಮೇಲ್ಮೈ. 2 ಸೆಂ.ಮೀ. ಘನದ ಘನಫಲ 8, ಮೇಲ್ಮೈ 24. ಇಲ್ಲಿ 1 ಘನ ಸೆಂ.ಮೀ.ಗೆ ಬರೇ 3 ಚದರ ಸೆಂ.ಮೀ. ವಸ್ತು ಸಣ್ಣದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಬಿಸಿ ಹೊರಮೈಯಿಂದಲೇ ಹೋಗುತ್ತದೆ. ಆದ್ದರಿಂದ 30-40 ಗ್ರಾಂ ತೂಗುವ ಮರಿ ಒಂದೂವರೆ ಕಿಲೋ ತೂಗುವ ಕೋಳಿಗಿಂತ ಬಹಳ ಬೇಗ ತಣ್ಣಗಾಗುತ್ತದೆ. ಜೊತೆಗೆ ಅದರ ಮೈಮೇಲೆ ಇರುವುದು ತೆಳುವಾದ ತುಪ್ಪಳ. ನಿಜವಾದ ಗರಿ ಮೈತುಂಬ ಬರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ತಾಯಿಯ ರೆಕ್ಕೆಯೇ ಅದರ ಕೌದಿ.

ಮಾಡಿ ನೋಡಿ: ಒಂದು ತಂಬಿಗೆ ಮತ್ತು ಒಂದು ಚಹಾ ಕಪ್ಪಿನಲ್ಲಿ ಒಂದೇ ಬಿಸಿಯ ನೀರು ತುಂಬಿ. ಐದೈದು ನಿಮಿಷಕ್ಕೆ ಪ್ರಯೋಗಶಾಲೆಯ ತಾಪಮಾಪಕದಿಂದ ಅಳೆದು ಬರೆಯಿರಿ. ಯಾವುದು ಬೇಗ ಆರಿತು?

ಬೆಚ್ಚನೆಯ ಪೆಟ್ಟಿಗೆ

ಒಂದು ರಟ್ಟಿನ ಡಬ್ಬ ತಗೊಳ್ಳಿ. ಕೆಳಗೆ ಗೋಣಿ ತಟ್ಟು ಹಾಸಿ. ಬರೀ ಪೇಪರ್ ಹಾಸಿದರೆ ಮರಿಯ ಕಾಲು ಜಾರಿ ಅಗಲವಾಗಿ ಸೊಟ್ಟಾಗುವ ಸಂಭವ ಇರುತ್ತದೆ. ಡಬ್ಬದ ಒಂದು ಬದಿಗೆ ಹಳೆಯ ತಂತಿ ಬಲ್ಬ್ ತೂಗುಹಾಕಿ, 60 ವ್ಯಾಟ್ ಸಾಕು. ಈ ಕೆಲಸವನ್ನು ಮನೆಯ ಹಿರಿಯರ ಕೈಯಿಂದ ಮಾಡಿಸಿ. ಬಲ್ಬು ರಟ್ಟಿಗಾಗಲಿ, ಗೋಣಿಗಾಗಲಿ ತಾಗಬಾರದು, ಬೆಂಕಿ ಹತ್ತೀತು. ಎಲ್‌ಇಡಿ ಬಲ್ಬ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬು ತಾನು ತಗೊಂಡ ವಿದ್ಯುತ್ತಿನ ಬಹುಪಾಲನ್ನು ಬಿಸಿಯಾಗಿ ಕಳೆಯುತ್ತದೆ. ಮನೆಯ ದೀಪಕ್ಕೆ ಅದು ದೋಷ, ಮರಿಗೆ ಅದೇ ವರ. ರಾತ್ರಿ ಕರೆಂಟ್ ಹೋದರೆ ಬಿಸಿನೀರು ತುಂಬಿದ ಬಾಟಲಿಯನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಮರಿಯ ಪಕ್ಕದಲ್ಲಿಡಿ.

ಮೊದಲ ವಾರ ಬಲ್ಬಿನ ಕೆಳಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಕಡಿಮೆ ಮಾಡುತ್ತ ಬನ್ನಿ. ಎರಡನೇ ವಾರ 32, ಮೂರನೇ ವಾರ 29, ನಾಲ್ಕನೇ ವಾರ 26. ಬಲ್ಬನ್ನು ಮೇಲಕ್ಕೆ ಏರಿಸಿದರೆ ಬಿಸಿ ಕಡಿಮೆಯಾಗುತ್ತದೆ. ಡಬ್ಬದ ಇನ್ನೊಂದು ಬದಿ ತಂಪಾಗಿಯೇ ಇರಲಿ.

ತಾಪಮಾಪಕ ಇಲ್ಲವೇ? ಮರಿಯೇ ತಾಪಮಾಪಕ. ಬಲ್ಬಿನ ಕೆಳಗೆ ಮುದುಡಿ ಕೂಗುತ್ತಿದ್ದರೆ ಚಳಿ. ದೂರದ ಮೂಲೆಗೆ ಹೋಗಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಓಡಾಡಿ, ತಿಂದು, ಸಣ್ಣ ದನಿಯಲ್ಲಿ ಗುನುಗುತ್ತಿದ್ದರೆ ಎಲ್ಲ ಸರಿ ಇದೆ. ನಮ್ಮ ಕಡೆ ಏಪ್ರಿಲ್-ಮೇ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ಹತ್ತಿರ ಇರುತ್ತದೆ. ಆಗ ಬಲ್ಬು ಬೇಡ, ನೆರಳು ಮತ್ತು ನೀರು ಬೇಕು. ಆದ್ದರಿಂದ ಪಟ್ಟಿಯನ್ನಷ್ಟೇ ನಂಬದೆ ಮರಿಯನ್ನು ನೋಡಿ.

ನೀರು ಮತ್ತು ಕಾಳು

ಮೈ ಬೆಚ್ಚಗಾದ ಮೇಲೆ ನೀರು. ಚಪ್ಪಟೆ ತಾಟಿನಲ್ಲಿ ನಾಲ್ಕು ಹರಳು ಇಟ್ಟು, ಹರಳಿನ ನಡುವೆ ಮಾತ್ರ ನೀರು ನಿಲ್ಲುವಂತೆ ಹಾಕಿ. ಆಳವಾದ ಬಟ್ಟಲಲ್ಲಿ ಮರಿ ಮುಳುಗಿ ಸಾಯಬಹುದು. ಅದರ ಕೊಕ್ಕನ್ನು ಒಮ್ಮೆ ನೀರಿಗೆ ಮುಟ್ಟಿಸಿ, ತಾನೇ ಕಲಿಯುತ್ತದೆ.

ತಿನ್ನಲು ಮರಿಗಳ ಆಹಾರದ ಪುಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಸಣ್ಣ ಜೋಳದ ನುಚ್ಚು ಅಥವಾ ಸಜ್ಜೆ ನುಚ್ಚಿನ ಜೊತೆ ಕುದಿಸಿದ ತತ್ತಿಯನ್ನು ಪುಡಿ ಮಾಡಿ ಕೊಡಿ. ಬೆಳೆಯುವ ಮರಿಯ ಆಹಾರದಲ್ಲಿ ಸುಮಾರು 20 ಶೇಕಡಾ ಪ್ರೋಟೀನ್ ಇರಬೇಕು. ಜೋಳದಲ್ಲಿ ಅದರ ಅರ್ಧದಷ್ಟು ಮಾತ್ರ ಇದೆ. ಗೆದ್ದಲು ಸಿಕ್ಕರೆ ಹಾಕಿ, ಹಬ್ಬ ಮಾಡುತ್ತದೆ. ಹಾಲು ಮಾತ್ರ ಬೇಡ. ಹಾಲಿನ ಸಕ್ಕರೆಯನ್ನು ಕೋಳಿ ಸರಿಯಾಗಿ ಅರಗಿಸಿಕೊಳ್ಳಲಾರದು. ಬಾಲದ ಕೆಳಗೆ ಹಿಕ್ಕೆ ಅಂಟಿ ಒಣಗಿದ್ದರೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ. ಮರಿಯನ್ನು ಮುಟ್ಟಿದ ಪ್ರತಿ ಸಲ ಸಾಬೂನಿನಿಂದ ಕೈ ತೊಳೆಯಿರಿ.

ಒಂದು ಮರಿಯೋ, ಹತ್ತು ಕೋಳಿಯೋ?

ಈಗ ಕಠಿಣ ಪ್ರಶ್ನೆ. ಮರಿ ಒಂಟಿಯಾಗಿ ಅಳುತ್ತಿದೆ, ಮನೆಯಲ್ಲಿ ಕೋಳಿಗಳಿವೆ. ಇವತ್ತೇ ಬಿಟ್ಟರೆ ಆಗದೇ?

ಆಗದು. ರಾಣಿಖೇತ್ ಎಂಬ ರೋಗ ಇದೆ. ಕನ್ನಡದಲ್ಲಿ ಇದಕ್ಕೆ ಕೊಕ್ಕರೆ ರೋಗ ಅಂತಾರೆ, ನಮ್ಮ ಮರಾಠಿ ನೆರೆಯವರು ಮಾನಮೋಡಿ ಅಂತಾರೆ. ವೈರಾಣುವಿನಿಂದ ಬರುವ ಈ ರೋಗ ಒಂದು ಕೋಳಿಗೆ ಬಂದರೆ ಇಡೀ ಹಿಂಡನ್ನೇ ಖಾಲಿ ಮಾಡಬಲ್ಲದು. ಬಂದ ಮೇಲೆ ಔಷಧ ಇಲ್ಲ, ಮೊದಲೇ ಲಸಿಕೆ ಹಾಕಿಸಬೇಕು. ರೋಗ ಒಳಗೆ ಹೊಕ್ಕ ಮೇಲೆ ಹೊರಗೆ ಕಾಣಿಸಲು ಸಾಮಾನ್ಯವಾಗಿ 5-6 ದಿನ, ಕೆಲವೊಮ್ಮೆ ಎರಡು ವಾರ ಬೇಕಾಗುತ್ತದೆ. ಅಂದರೆ ಇವತ್ತು ಚೆನ್ನಾಗಿ ಕಾಣುವ ಮರಿಯೂ ರೋಗ ಹೊತ್ತಿರಬಹುದು. ಒಂದು ಮರಿಯ ಮೇಲಿನ ಕನಿಕರದಿಂದ ಅವ್ವನ ಹತ್ತು ಕೋಳಿ ಹೋದರೆ ಅದು ಕನಿಕರ ಆಗುವುದಿಲ್ಲ.

ಆದ್ದರಿಂದ ಕನಿಷ್ಠ ಎರಡು ವಾರ, ಆದರೆ ಮೂರು ವಾರ, ಮರಿಯನ್ನು ಬೇರೆ ಕಡೆ ಇಡಿ. ಅದರ ತಾಟು ಬೇರೆ, ನೀರು ಬೇರೆ. ಮೊದಲು ಮನೆಯ ಕೋಳಿಗೆ ಕಾಳು ಹಾಕಿ, ಆಮೇಲೆ ಮರಿಯ ಕಡೆ ಹೋಗಿ. ಕುತ್ತಿಗೆ ಸೊಟ್ಟಾಗುವುದು, ಹಸಿರು ಭೇದಿ, ಹಿಕ್ಕೆಯಲ್ಲಿ ರಕ್ತ, ಉಸಿರಾಟದ ಗೊರಗೊರ ಶಬ್ದ ಕಂಡರೆ ಪಶು ದವಾಖಾನೆಗೆ ತಿಳಿಸಿ. ಲಸಿಕೆ ಯಾವಾಗ ಅನ್ನುವುದನ್ನೂ ಅಲ್ಲೇ ಕೇಳಿ.

ಒಂದು ಸಂದರ್ಭ ಮಾತ್ರ ಬೇರೆ. ಮರಿ ಒಂದೆರಡು ದಿನದ್ದು, ನಿಮ್ಮ ಓಣಿಯದ್ದೇ, ಚುರುಕಾಗಿದೆ, ಸುತ್ತ ಯಾವ ಕೋಳಿಗೂ ರೋಗ ಇಲ್ಲ, ಮನೆಯಲ್ಲಿ ಅದೇ ವಯಸ್ಸಿನ ಮರಿಗಳಿರುವ ತಾಯಿ ಕೋಳಿಯೂ ಇದೆ ಅನ್ನಿ. ಆಗ ಮನೆಯವರನ್ನು ಕೇಳಿ, ರಾತ್ರಿ ಕತ್ತಲಲ್ಲಿ ಮರಿಯನ್ನು ಮೆಲ್ಲಗೆ ಅದರ ರೆಕ್ಕೆಯ ಕೆಳಗೆ ಸರಿಸಬಹುದು. ನಸುಕಿನಲ್ಲಿ ಎದ್ದು ಅರ್ಧ ಗಂಟೆ ಕಾವಲಿರಿ. ತಾಯಿ ಕುಕ್ಕಿದರೆ ಕೂಡಲೇ ತೆಗೆಯಿರಿ.

ಮರಿ ನಿಮ್ಮ ಬೆನ್ನು ಹತ್ತಿದರೆ

ಒಂಟಿ ಮರಿ ನಾಲ್ಕೇ ದಿನದಲ್ಲಿ ನಿಮ್ಮ ಹಿಂದೆ ಹಿಂದೆ ಓಡಾಡತೊಡಗುತ್ತದೆ. ನಿಮಗೆ ಖುಷಿ. ಇದಕ್ಕೆ ಕಾರಣ ಇದೆ. 1873ರಲ್ಲಿ ಡಗ್ಲಸ್ ಸ್ಪಾಲ್ಡಿಂಗ್ ಎಂಬ ಇಂಗ್ಲೆಂಡಿನ ಸಂಶೋಧಕರು ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಆಗ ತಾನೇ ಹುಟ್ಟಿದ ಮರಿಗಳು ಚಲಿಸುವ ಯಾವ ವಸ್ತುವನ್ನು ಕಂಡರೂ ಅದರ ಬೆನ್ನು ಹತ್ತುತ್ತಿದ್ದವು. ಆದರೆ ಸುಮಾರು ನಾಲ್ಕು ದಿನ ಕಣ್ಣು ಮುಚ್ಚಿಟ್ಟ ಮೂರು ಮರಿಗಳು, ಮುಸುಕು ತೆಗೆದಾಗ ಅವರನ್ನು ಕಂಡು ಹೆದರಿ ಓಡಿದವು. ಅಂದರೆ "ಇವರು ನನ್ನವರು" ಅಂತ ಗುರುತು ಮಾಡಿಕೊಳ್ಳಲು ಮೊದಲ ಕೆಲವು ದಿನಗಳೇ ಮುಖ್ಯ.

ಹಾಗಾಗಿ ಮರಿಯನ್ನು ಸದಾ ಕೈಯಲ್ಲಿ ಇಟ್ಟುಕೊಳ್ಳಬೇಡಿ. ಅದಕ್ಕೆ ಕೋಳಿಯ ಭಾಷೆ ಬೇಕು. ಪೆಟ್ಟಿಗೆಯಲ್ಲಿ ಸಣ್ಣ ಕನ್ನಡಿ ಇಟ್ಟರೆ ಕೂಗು ಸ್ವಲ್ಪ ಕಡಿಮೆಯಾದೀತು. ಅದಕ್ಕಿಂತ ಒಳ್ಳೆಯದು ಅದೇ ಗಾತ್ರದ ಇನ್ನೊಂದು ಮರಿಯ ಜೊತೆ.

ಬಳಗಕ್ಕೆ ಸೇರಿಸುವುದು

ದೊಡ್ಡ ಕೋಳಿಗಳು ಹೊಸ ಮರಿಯನ್ನು ಕುಕ್ಕುತ್ತವೆ. ಅದು ಕ್ರೂರತನ ಅಲ್ಲ, ಹಿಂಡಿನ ಕಾನೂನು. ಇದನ್ನು ಕಂಡುಹಿಡಿದವರು ನಾರ್ವೆ ದೇಶದ ಥೋರ್ಲೈಫ್ ಶೆಲ್ಡರುಪ್-ಎಬ್ಬೆ. ನಿಮಗಿಂತ ಸಣ್ಣ ವಯಸ್ಸಿನಲ್ಲೇ ಅವರು ಮನೆಯ ಕೋಳಿಗಳನ್ನು ನೋಡುತ್ತ, ಯಾರು ಯಾರನ್ನು ಕುಕ್ಕಿದರು ಅಂತ ವಹಿಯಲ್ಲಿ ಬರೆಯತೊಡಗಿದ್ದರು. 1922ರಲ್ಲಿ ಅದು ವಿಜ್ಞಾನ ಪ್ರಬಂಧವಾಗಿ ಬಂತು. ಹಿಂಡಿನಲ್ಲಿ ಪ್ರತಿ ಕೋಳಿಗೂ ಒಂದು ಸ್ಥಾನ ಇದೆ. ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ. ಸ್ಥಾನ ಗೊತ್ತಾದ ಮೇಲೆ ಜಗಳ ಕಡಿಮೆ. ಹೊಸಬ ಬಂದರೆ ಲೆಕ್ಕ ಮತ್ತೆ ಶುರು.

ಆದ್ದರಿಂದ ಅವಸರ ಬೇಡ.

1. ಮರಿಗೆ ಗರಿ ತುಂಬಿ, ಕನಿಷ್ಠ ಎಂಟು ವಾರ ಆಗಲಿ. ಗಾತ್ರ ದೊಡ್ಡದಾದಷ್ಟೂ ಒಳ್ಳೆಯದು.
2. ಒಂದೆರಡು ವಾರ ಹಿಂಡಿನ ಪಕ್ಕದಲ್ಲೇ ಜಾಲಿಯ ಗೂಡಿನಲ್ಲಿಡಿ. ಒಬ್ಬರನ್ನೊಬ್ಬರು ನೋಡಲಿ, ಮುಟ್ಟುವುದು ಬೇಡ.
3. ಆಮೇಲೆ ಬಯಲು ಹಿತ್ತಲದಲ್ಲಿ ಬಿಡಿ, ಇಕ್ಕಟ್ಟಾದ ಗೂಡಿನಲ್ಲಿ ಅಲ್ಲ. ಮೊದಲು ದಿನಕ್ಕೆ ಅರ್ಧ ಗಂಟೆ, ನೀವು ಅಲ್ಲೇ ಇರಿ.
4. ಕಾಳು, ನೀರು ಎರಡು ಕಡೆ ಇಡಿ. ಮರಿ ನುಸುಳಿ ಅಡಗಲು ಬುಟ್ಟಿ, ಹಲಗೆ ಇರಲಿ.
5. ಒಂಟಿಯಾಗಿ ಬಿಡುವುದಕ್ಕಿಂತ ಜೊತೆಗಾರ ಮರಿಯೊಂದಿಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತದೆ.

ಒಂದೆರಡು ಸಲ ಕುಕ್ಕಿ ಅಟ್ಟಿದರೆ ನಡುವೆ ಹೋಗಬೇಡಿ. ರಕ್ತ ಕಂಡರೆ ಮಾತ್ರ ಕೂಡಲೇ ಮರಿಯನ್ನು ತೆಗೆಯಿರಿ. ಕೆಂಪು ಬಣ್ಣ ಕಂಡಲ್ಲಿ ಎಲ್ಲ ಕೋಳಿಗಳೂ ಕುಕ್ಕುತ್ತವೆ. ಗಾಯ ಒಣಗುವವರೆಗೆ ಮತ್ತೆ ಜಾಲಿಯ ಗೂಡು.

ಇಷ್ಟೆಲ್ಲ ಮಾಡಿದರೂ ಕೆಲವು ಮರಿ ಉಳಿಯುವುದಿಲ್ಲ. ತಾಯಿ ಇಲ್ಲದ ಮರಿಯ ಜೀವ ಸೂಕ್ಷ್ಮ. ಉಳಿದ ಮರಿ ಒಂದು ಸಂಜೆ ನಿಮ್ಮನ್ನು ತಿರುಗಿಯೂ ನೋಡದೆ ಉಳಿದ ಕೋಳಿಗಳ ಜೊತೆ ಗೂಡು ಹೊಕ್ಕರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಕೆಲಸ ಪೂರ್ತಿ ಆಯಿತು ಅಂತ ಅದರರ್ಥ.

ನೀವೇ ಬರೆದಿಡಿ

ನಿಮ್ಮ ಮನೆಯ ಅಥವಾ ನೆರೆಮನೆಯ ಐದು ಕೋಳಿಗಳಿಗೆ ಹೆಸರಿಡಿ. ಒಂದು ವಾರ, ಕಾಳು ಹಾಕಿದಾಗ 15 ನಿಮಿಷ, ಯಾರು ಯಾರನ್ನು ಕುಕ್ಕಿದರು ಅಂತ ಗುರುತು ಹಾಕಿ. ವಾರದ ಕೊನೆಗೆ ಮೇಲಿನಿಂದ ಕೆಳಗೆ ಪಟ್ಟಿ ಮಾಡಿ, ತರಗತಿಯಲ್ಲಿ ಓದಿ.

ಪ್ರಶ್ನೆಗಳು

1. ತಣ್ಣಗಾದ ಮರಿಗೆ ಕಾಳಿಗಿಂತ ಮೊದಲು ಬಿಸಿ ಯಾಕೆ ಕೊಡಬೇಕು?
2. 3 ಸೆಂ.ಮೀ. ಘನದಲ್ಲಿ 1 ಘನ ಸೆಂ.ಮೀ.ಗೆ ಎಷ್ಟು ಚದರ ಸೆಂ.ಮೀ. ಮೇಲ್ಮೈ ಬರುತ್ತದೆ?
3. ಸಂತೆಯಿಂದ ತಂದ ಹೊಸ ಕೋಳಿಯನ್ನೂ ಎರಡು-ಮೂರು ವಾರ ಬೇರೆ ಇಡಬೇಕೇ? ಕಾರಣ ಕೊಡಿ.