ಬಂಡೆಯೇ ದಾರಿ ತೋರುವ ಬೆಟ್ಟ: ಕುರಿಕ್ಯಾಲದ ಬೊಮ್ಮಲಗುಟ್ಟ

ಪಂಪನ ಎರಡು ಕಾವ್ಯಗಳನ್ನು ಆದ್ಯಂತ ಓದಿದರೂ ಅವನ ತಾಯಿಯ ಹೆಸರು ದೊರೆಯುವುದಿಲ್ಲ. ವಿಕ್ರಮಾರ್ಜುನ ವಿಜಯದಲ್ಲಿ ಮಾಧವ ಸೋಮಯಾಜಿಯಿಂದ ಮೊದಲುಗೊಂಡು ತಂದೆ ಅಭಿರಾಮದೇವರಾಯನವರೆಗೆ ವಂಶವನ್ನು ಬಿಡಿಸಿ ಹೇಳಿಕೊಂಡ ಕವಿ, ಹೆತ್ತವಳ ಮಾತನ್ನು ಎತ್ತಿಲ್ಲ. ಅಬ್ಬಣಬ್ಬೆ ಎಂಬ ಆ ಹೆಸರು ಕನ್ನಡ ಸಾಹಿತ್ಯ ಚರಿತ್ರೆಯೊಳಗೆ ಬಂದದ್ದು ತೆಲಂಗಾಣದ ಕರೀಂನಗರ ಜಿಲ್ಲೆಯ ಒಂದು ಬೆಟ್ಟದ ಬಂಡೆಯಿಂದ. ಬರೆಸಿದವನು ಕವಿಯ ತಮ್ಮ ಜಿನವಲ್ಲಭ. ಕಾಲ ಸುಮಾರು ಕ್ರಿ.ಶ. 945. ಕನ್ನಡ ಪಠ್ಯಗಳು ಇದನ್ನು ಕುರಿಕ್ಯಾಲ ಶಾಸನವೆಂದೂ ಗಂಗಾಧರಂ ಶಾಸನವೆಂದೂ ಕರೆಯುತ್ತವೆ. ಊರಿನವರ ಬಾಯಲ್ಲಿ ಆ ಬೆಟ್ಟ ಬೊಮ್ಮಲಗುಟ್ಟ. ತೆಲುಗಿನ 'ಬೊಮ್ಮ' ಕನ್ನಡದ 'ಬೊಂಬೆ'ಯ ಒಡಹುಟ್ಟು. ಬೊಂಬೆಗಳಿರುವ ಗುಡ್ಡವೆಂದು ಅರ್ಥ. ಶಾಸನವನ್ನು ಓದಲಾರದವರೂ ಅಲ್ಲಿ ಏನಿದೆಯೆಂಬುದನ್ನು ಹೆಸರಿನಲ್ಲಿಯೇ ಕಾಪಾಡಿಕೊಂಡು ಬಂದಿದ್ದಾರೆ.

ಕರೀಂನಗರದಿಂದ ಜಗಿತ್ಯಾಲದ ಕಡೆಗೆ ಹೋಗುವ ದಾರಿಯಲ್ಲಿ ಗಂಗಾಧರ ಮಂಡಲಕ್ಕೆ ಸೇರಿದ ಊರು ಕುರಿಕ್ಯಾಲ. ಹಂಪಿ, ಬಾದಾಮಿಗಳಲ್ಲಿರುವಂತೆ ಕೈಹಿಡಿದು ನಡೆಸಿ ಕಥೆ ಹೇಳುವವರ ಗುಂಪು ಇಲ್ಲಿಲ್ಲ. ಅದನ್ನು ಕೊರತೆಯೆಂದು ಭಾವಿಸಬೇಕಾಗಿಲ್ಲ. ತಾನು ಎಲ್ಲಿದ್ದೇನೆ, ತನ್ನ ಸುತ್ತ ಏನೇನಿತ್ತು ಎಂಬುದನ್ನು ಈ ಶಾಸನವೇ ಹೇಳುತ್ತದೆ. ಅಚ್ಚಾದ ಶಾಸನಪಾಠವನ್ನು ಮುಂಚಿತವಾಗಿ ಎರಡು ಮೂರು ಬಾರಿ ಓದಿ, ಒಂದು ಪ್ರತಿಯನ್ನು ಕೈಯಲ್ಲಿ ಹಿಡಿದು ಹೊರಟ ವಿದ್ಯಾರ್ಥಿಗೆ ಬೇರೊಬ್ಬ ಮಾರ್ಗದರ್ಶಿ ಬೇಕಾಗದು.

ಶಾಸನದ ಗದ್ಯಭಾಗ ಸ್ಥಳವನ್ನು ನಿರ್ದೇಶಿಸುವ ಕ್ರಮ ಗಮನಾರ್ಹವಾದುದು. ಅದು ದೊಡ್ಡದರಿಂದ ಚಿಕ್ಕದಕ್ಕೆ ಬರುತ್ತದೆ. ಮೊದಲು ಸಬ್ಬಿನಾಡು, ಆ ನಾಡಿನ ನಡುವೆ ಧರ್ಮಪುರ, ಧರ್ಮಪುರದ ಉತ್ತರಕ್ಕೆ ವೃಷಭಗಿರಿ, ವೃಷಭಗಿರಿಯ ತೆಂಕಣ ಭಾಗದಲ್ಲಿ ಸಿದ್ಧಶಿಲೆ. ಧರ್ಮಪುರವೆಂದರೆ ಅರಿಕೇಸರಿಯು ಪಂಪನಿಗೆ ಕೊಟ್ಟ ಅಗ್ರಹಾರ. ವಿಕ್ರಮಾರ್ಜುನ ವಿಜಯದ ಕೊನೆಯಲ್ಲಿ ಕವಿಯೇ ಅದನ್ನು ಹೇಳಿಕೊಂಡಿದ್ದಾನೆ. ಕಾವ್ಯದಲ್ಲಿ ಬಿರುದು ಬಾವಲಿಗಳ ನಡುವೆ ಬರುವ ಆ ಹೆಸರು ಶಾಸನದಲ್ಲಿ ದಿಕ್ಕನ್ನು ಪಡೆಯುತ್ತದೆ. ಬೆಳಗಿನ ಬಿಸಿಲಲ್ಲಿ ಪೂರ್ವವನ್ನು ಗುರುತಿಸಿಕೊಂಡು, ಬೆಟ್ಟದ ಯಾವ ಮಗ್ಗುಲಲ್ಲಿ ತಾನು ನಿಂತಿರುವುದೆಂದು ನೋಡಿ, ದಕ್ಷಿಣದ ಬಯಲಿನತ್ತ ಕಣ್ಣು ಹಾಯಿಸುವುದು ಇಲ್ಲಿ ಮಾಡಬೇಕಾದ ಮೊದಲ ಕೆಲಸ. ಆಮೇಲೆ ಶಿಲ್ಪ, ಆಮೇಲೆ ಅಕ್ಷರ. ಬಹುಮಂದಿ ಇದನ್ನು ತಿರುಗುಮುರುಗಾಗಿ ಮಾಡುತ್ತಾರೆ: ನೇರವಾಗಿ ಬರಹದ ಮುಂದೆ ನಿಂತು, ಫೋಟೋ ತೆಗೆದುಕೊಂಡು ಇಳಿದುಬಿಡುತ್ತಾರೆ. ಬರಹದ ಫೋಟೋ ಪುಸ್ತಕದಲ್ಲಿಯೂ ಸಿಗುತ್ತದೆ. ಬರಹವು ನೋಡುತ್ತಿರುವ ಬಯಲು ಸಿಗುವುದಿಲ್ಲ.

ಬಂಡೆಯ ಮೈಯಲ್ಲಿ ಚಕ್ರೇಶ್ವರಿಯ ಉಬ್ಬುಶಿಲ್ಪವೂ ಜಿನಬಿಂಬಗಳೂ ಇವೆ. ಚಕ್ರೇಶ್ವರಿಯು ಮೊದಲ ತೀರ್ಥಂಕರ ವೃಷಭನಾಥನ ಯಕ್ಷಿ. ಬೆಟ್ಟದ ಹೆಸರು ವೃಷಭಗಿರಿ. ಪಂಪನ ಆದಿಪುರಾಣದ ನಾಯಕನೂ ಅದೇ ಆದಿನಾಥ. ಆ ಕಾವ್ಯ ಮುಗಿದದ್ದು ಶಕವರ್ಷ 863ರಲ್ಲಿ, ಎಂದರೆ ಕ್ರಿ.ಶ. 941ರಲ್ಲಿ. ಅಣ್ಣನು ಓಲೆಯ ಮೇಲೆ ಮಾಡಿದುದನ್ನು ಕೆಲವೇ ವರ್ಷಗಳ ಅಂತರದಲ್ಲಿ ತಮ್ಮನು ಕಲ್ಲಿನ ಮೇಲೆ ಮಾಡಿಸಿದನೆಂದರೆ ತಪ್ಪಾಗದು. ಆದಿ ಮತ್ತು ಅಂತ್ಯದ ಜಿನರ ಬಿಂಬಗಳನ್ನು ಮಾಡಿಸಿದುದರ ಜೊತೆಗೆ, ತ್ರಿಭುವನತಿಲಕವೆಂಬ ಬಸದಿಯನ್ನೂ ಕವಿತಾಗುಣಾರ್ಣವವೆಂಬ ಕೆರೆಯನ್ನೂ ಮದನವಿಲಾಸವೆಂಬ ಬನವನ್ನೂ ಮಾಡಿಸಿದುದಾಗಿ ಜಿನವಲ್ಲಭನು ಹೇಳಿಕೊಂಡಿದ್ದಾನೆ. ಕವಿತಾಗುಣಾರ್ಣವ ಎಂಬುದು ಪಂಪನ ಬಿರುದು. ಅರ್ಣವವೆಂದರೆ ಕಡಲು, ಕಡಲೆಂಬ ಬಿರುದನ್ನು ಕೆರೆಗಿಟ್ಟ ತಮ್ಮನ ಪ್ರೀತಿಯಲ್ಲಿ ಸ್ವಲ್ಪ ವಿನೋದವೂ ಇದ್ದಿರಬಹುದು. ಬೆಟ್ಟದ ಸುತ್ತ ಕಾಣುವ ನೀರನ್ನೆಲ್ಲ ಆ ಕೆರೆಯೇ ಎಂದು ಹೇಳಹೊರಡುವುದು ಮಾತ್ರ ಸಲ್ಲದು. ಕೆರೆಗಳಿಲ್ಲದ ಊರು ಈ ಸೀಮೆಯಲ್ಲಿ ಅಪರೂಪ.

ಇನ್ನು ಬರಹ. ಸಂಸ್ಕೃತ, ಕನ್ನಡ, ತೆಲುಗು ಮೂರೂ ಭಾಷೆಗಳು ಇದರಲ್ಲಿವೆ; ಲಿಪಿ ಒಂದೇ. ಹತ್ತನೆಯ ಶತಮಾನದಲ್ಲಿ ಕನ್ನಡ ತೆಲುಗುಗಳ ಲಿಪಿ ಇನ್ನೂ ಬೇರೆಯಾಗಿರಲಿಲ್ಲ. ಹೀಗಾಗಿ ಭಾಷೆ ಎಲ್ಲಿ ಬದಲಾಯಿತೆಂಬುದನ್ನು ಕಣ್ಣು ಹೇಳಲಾರದು, ವ್ಯಾಕರಣ ಹೇಳಬೇಕು. ತರಗತಿಯಲ್ಲಿ ಬಾಯಿಪಾಠ ಮಾಡಿದ ಪ್ರತ್ಯಯಗಳು ಉಪಯೋಗಕ್ಕೆ ಬರುವ ಸ್ಥಳ ಇದು. ನಾಮಪದಗಳು ಅನುಸ್ವಾರದಲ್ಲಿ ನಿಂತು, 'ಒಳ್' ಸಪ್ತಮಿಯೂ 'ಉಮಂ' ಎಂಬ ಜೋಡಣೆಯೂ ಬರುವವರೆಗೆ ಅದು ಹಳಗನ್ನಡ. 'ಬು' ಎಂದು ಮುಗಿಯುವ ನಾಮಪದಗಳೂ 'ಲು' ಬಹುವಚನವೂ ಕಾಣಿಸಿಕೊಂಡರೆ ತೆಲುಗಿನ ಹೊಸ್ತಿಲು ದಾಟಿದಂತೆ.

ತೆಲುಗಿನ ಪಾಲಿಗೆ ಬಂದಿರುವುದು ಮೂರು ಕಂದಪದ್ಯಗಳು. ನನ್ನಯನ ಭಾರತಕ್ಕಿಂತ ಸುಮಾರು ಒಂದು ಶತಮಾನ ಹಿಂದಿನ ಈ ಕಂದಗಳನ್ನು ತೆಲುಗು ವಿದ್ವಾಂಸರು ಅಮೂಲ್ಯವೆಂದು ಎಣಿಸುವುದು ಸಹಜ. ಕನ್ನಡದ ವಿದ್ಯಾರ್ಥಿಗೂ ಅವು ಅಪರಿಚಿತವಲ್ಲ: ಮೊದಲ ಮತ್ತು ಮೂರನೆಯ ಪಾದಗಳಲ್ಲಿ ನಾಲ್ಕು ಮಾತ್ರೆಯ ಮೂರು ಗಣ, ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಐದು, ಪೂರ್ವಾರ್ಧ ಉತ್ತರಾರ್ಧಗಳ ಆರನೆಯ ಗಣ ಜಗಣವೋ ಸರ್ವಲಘುವೋ ಆಗಬೇಕೆಂಬ ನಿಯಮ, ದ್ವಿತೀಯಾಕ್ಷರ ಪ್ರಾಸ. ಇವೆಲ್ಲ ಎರಡು ಭಾಷೆಗಳಿಗೂ ಸಮಾನ. ಭೇದವಿರುವುದು ಯತಿಯಲ್ಲಿ. ಕನ್ನಡ ಛಂದಸ್ಸಿನಲ್ಲಿ ಯತಿಯೆಂದರೆ ಪಾದದ ನಡುವಣ ನಿಲುಗಡೆ. ತೆಲುಗಿನಲ್ಲಿ ಅದು ಅಕ್ಷರಮೈತ್ರಿ: ಕಂದದ ಎರಡನೆಯ ಮತ್ತು ನಾಲ್ಕನೆಯ ಪಾದಗಳಲ್ಲಿ ಮೊದಲಕ್ಷರಕ್ಕೆ ಆ ಪಾದದ ನಾಲ್ಕನೆಯ ಗಣದ ಮೊದಲಕ್ಷರ ಹೊಂದಬೇಕು. ಆದೋನಿ, ರಾಯದುರ್ಗ, ಮಡಕಶಿರಾಗಳ ಕಡೆಯ ವಿದ್ಯಾರ್ಥಿಗಳು ಶಾಲೆಯಲ್ಲಿ ತೆಲುಗು ಪದ್ಯಗಳನ್ನು ಕಲಿತು ಬಂದಿರುವುದರಿಂದ ಇದನ್ನು ಬೇಗ ಹಿಡಿಯಬಲ್ಲರು. ಆ ಕಂದಗಳಿಗೆ ಪ್ರಸ್ತಾರ ಹಾಕಿ ಈ ಮೈತ್ರಿ ಎಲ್ಲೆಲ್ಲಿ ಕೂಡಿದೆಯೆಂದು ಪರೀಕ್ಷಿಸುವುದು ಒಳ್ಳೆಯ ಅಭ್ಯಾಸ.

ಮೂರು ಭಾಷೆಗಳು ಏಕೆ? ಪಾಂಡಿತ್ಯಪ್ರದರ್ಶನ ಎಂಬ ಉತ್ತರ ಸುಲಭವಾಗಿ ಹೊಳೆಯುತ್ತದೆ. ಆದರೆ ಶಾಸನವೇ ಕೊಡುವ ಕುಟುಂಬದ ವಿವರ ಇನ್ನೊಂದು ಉತ್ತರವನ್ನು ಸೂಚಿಸುತ್ತದೆ. ತಂದೆಯನ್ನು ಶಾಸನ ಭೀಮಪಯ್ಯನೆಂದು ಕರೆಯುತ್ತದೆ; ಕಾವ್ಯದ ಅಭಿರಾಮದೇವರಾಯನೇ ಈತನೆಂಬುದು ವಿದ್ವಾಂಸರ ಅಭಿಪ್ರಾಯ. ಆ ಮನೆತನ ವೆಂಗಿನಾಡಿನದು, ಎಂದರೆ ತೆಲುಗಿನ ಕರಾವಳಿಯ ಕಡೆಯದು. ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಅದು ತಿರುಳ್ಗನ್ನಡದ ನಾಡು. ಮಕ್ಕಳು ನೆಲೆಸಿದುದು ಸಬ್ಬಿನಾಡಿನಲ್ಲಿ, ವೇಮುಲವಾಡದ ಚಾಲುಕ್ಯರ ಆಳ್ವಿಕೆಯಲ್ಲಿ. ಆ ಚಾಲುಕ್ಯರೋ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರು. ಇಂಥ ಮನೆಯಲ್ಲಿ ಎರಡು ಭಾಷೆ ಆಡುವುದು ಪಾಂಡಿತ್ಯವಲ್ಲ, ದಿನದ ಬದುಕು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಅಥವಾ ಮರಾಠಿ ಆಡುವ ಗಡಿನಾಡಿನ ವಿದ್ಯಾರ್ಥಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಪಂಪನು ತೆಲುಗನೋ ಕನ್ನಡಿಗನೋ ಎಂಬ ವಾದವನ್ನು ಈ ಬಂಡೆಯ ಮುಂದೆ ನಿಂತು ಮುಂದುವರಿಸುವುದು ಕಷ್ಟ.

ಬಂಡೆಯ ಮುಂದೆ ಪಾಲಿಸಬೇಕಾದ ಕೆಲವು ಎಚ್ಚರಗಳಿವೆ. ಅಕ್ಷರ ಚೆನ್ನಾಗಿ ಕಾಣಲೆಂದು ಸೀಮೆಸುಣ್ಣ ತುಂಬುವುದು, ವಿಭೂತಿ ಬಳಿಯುವುದು ಕೂಡದು. ಪುಡಿ ಕಣ್ಣಿಗೆ ಬೇಕಾದ ಅಕ್ಷರವನ್ನು ಸೃಷ್ಟಿಸುತ್ತದೆ, ಬಿರುಕು ಒತ್ತಕ್ಷರವಾಗಿಬಿಡುತ್ತದೆ. ಅಚ್ಚು ತೆಗೆಯುವುದು ಅನುಮತಿ ಪಡೆದು, ಪಳಗಿದವರು ಮಾಡಬೇಕಾದ ಕೆಲಸ. ಅಕ್ಷರಗಳನ್ನು ಎಬ್ಬಿಸಲು ಓರೆ ಬೆಳಕು ಸಾಕು. ಟಾರ್ಚನ್ನು ಬಂಡೆಗೆ ಸಮಾನಾಂತರವಾಗಿ ಪಕ್ಕದಿಂದ ಹಿಡಿದರೆ ಕೊರೆದ ಗೆರೆಯೊಳಗೆ ನೆರಳು ಬಿದ್ದು, ಮಧ್ಯಾಹ್ನದ ಬಿಸಿಲಲ್ಲಿ ಕಾಣದ ಅಕ್ಷರ ಕಾಣುತ್ತದೆ. ಅಚ್ಚಾದ ಪಾಠದಲ್ಲಿ ಱ, ೞ ಇರುವ ಎರಡು ಮೂರು ಪದಗಳನ್ನು ಗುರುತು ಹಾಕಿಕೊಂಡು ಹೋಗಿ ಅವುಗಳನ್ನು ಕಲ್ಲಿನಲ್ಲಿ ಹುಡುಕುವುದು ಸುಲಭವಾದ ಆರಂಭ. ಕಂಡದ್ದನ್ನು ಮಾತ್ರ ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ಕಾಣದ ಕಡೆ ಚುಕ್ಕಿಗಳನ್ನು ಇಡಬೇಕು. ಪುಸ್ತಕದಲ್ಲಿದೆಯೆಂದು ಚುಕ್ಕಿಯ ಮೇಲೆ ಅಕ್ಷರ ಕೂರಿಸುವುದು ನಕಲು ಹೊಡೆದಂತೆ.

ಕರೀಂನಗರ ಸೀಮೆ ಗ್ರಾನೈಟ್ ಗಣಿಗಾರಿಕೆಗೆ ಹೆಸರಾದುದು. ಹೋಗುವ ದಾರಿಯಲ್ಲಿಯೇ ಅರ್ಧ ಕೊಯ್ದ ಬೆಟ್ಟಗಳು ಕಾಣುತ್ತವೆ. ಬೊಮ್ಮಲಗುಟ್ಟಕ್ಕೂ ಈ ಆತಂಕ ತಪ್ಪಿದ್ದಲ್ಲ. ಶಾಸನದ ಪಾಠ ಅಚ್ಚಾಗಿದೆ, ಅಬ್ಬಣಬ್ಬೆಯ ಹೆಸರು ಇನ್ನು ಅಳಿಯದು ಎಂದು ಸಮಾಧಾನಪಡುವವರಿದ್ದಾರೆ. ಬಂಡೆ ಹೋದರೆ ಹೆಸರು ಉಳಿದೀತು. ಧರ್ಮಪುರದ ಉತ್ತರ, ವೃಷಭಗಿರಿಯ ತೆಂಕಣ ಎಂಬ ಮಾತುಗಳು ಏನನ್ನೂ ತೋರಿಸದೆ ಉಳಿಯುತ್ತವೆ.

ಇಳಿದ ಮೇಲೆ ಹೊತ್ತಿದ್ದರೆ ಗಂಗಾಧರಕ್ಕೆ ಹೋಗಬಹುದು. ಸೋಮದೇವಸೂರಿಯು ಸಂಸ್ಕೃತದ ಯಶಸ್ತಿಲಕ ಚಂಪುವನ್ನು ಶಕ 881ರಲ್ಲಿ, ಎಂದರೆ ಕ್ರಿ.ಶ. 959ರಲ್ಲಿ ಮುಗಿಸಿದುದು ಗಂಗಾಧಾರದಲ್ಲಿ ಎಂದು ಆ ಗ್ರಂಥದ ಸಮಾಪ್ತಿವಾಕ್ಯ ಹೇಳುತ್ತದೆ. ಅದು ಇದೇ ಊರೆಂದು ವಿದ್ವಾಂಸರು ಗುರುತಿಸಿದ್ದಾರೆ. ಆಗ ಆಳುತ್ತಿದ್ದವನು ಅರಿಕೇಸರಿಯ ಮಗ. ವೇಮುಲವಾಡ ಇಂದು ರಾಜನ್ನ ಸಿರಿಸಿಲ್ಲ ಜಿಲ್ಲೆಗೆ ಸೇರಿದೆ. ರಾಜರಾಜೇಶ್ವರನ ಗುಡಿಗೆ ಬರುವ ಭಕ್ತರ ದಟ್ಟಣೆಯಲ್ಲಿ ಅರಿಕೇಸರಿಯ ರಾಜಧಾನಿಯನ್ನು ನೋಡಲು ಒಂದು ಪೂರ್ತಿ ದಿನವನ್ನೇ ಬೇರೆಯಾಗಿ ಇಟ್ಟುಕೊಳ್ಳುವುದು ಲೇಸು.